ಮೂರು ತೂತಿನ ಆಶೀರ್ವಾದ

"ಇಂಡಿ ತಾಲೂಕಿನ್ಯಾಗ ಇಂಥಾ ಉಡುಗೊರಿ ಯಾರೂ ಕೊಟ್ಟಿರಬಾರದು, ಇನ್ನ ಮುಂದ ಕೊಡೋ ಧೈರ್ಯಾನೂ ಯಾರಿಗೂ ಆಗಬಾರದು!"

ಹೀಗೆಂದು ಘೋಷಿಸಿದವರು ನಿವೃತ್ತ ಉಪತಹಶೀಲ್ದಾರ ಪಂಢರಿನಾಥ ಹೊರ್ತಿಕರ. ಘೋಷಣೆಯನ್ನು ಕೇಳಿಸಿಕೊಂಡದ್ದು ಎರಡೇ ಜೀವ. ಒಂದು ಮನೆಯ ಬೆಕ್ಕು, ಇನ್ನೊಂದು ಮೆಂತೆ ಸೊಪ್ಪು ಸೋಸುತ್ತ ಕುಳಿತಿದ್ದ ಹೆಂಡತಿ ರಂಗೂಬಾಯಿ. ಬೆಕ್ಕು ಎದ್ದು ಹೋಯಿತು. ರಂಗೂಬಾಯಿಗೆ ಆ ಸೌಕರ್ಯ ಇರಲಿಲ್ಲ.

ಮಗ ಪಾರ್ಥ ಪುಣೆಯಲ್ಲಿ ಟೈರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮುದ್ದೇಬಿಹಾಳದ ಪ್ರಜ್ಞಾ ಎಂಬ ಹುಡುಗಿಯೊಂದಿಗೆ ಅವನ ಮದುವೆ ನಿಶ್ಚಯವಾಗಿತ್ತು. ಅವಳೂ ಪುಣೆಯಲ್ಲೇ ನೌಕರಿ ಮಾಡುತ್ತಿದ್ದಳು. ಇಬ್ಬರ ಪರಿಚಯವಾದದ್ದು ದೇವಸ್ಥಾನದಲ್ಲಲ್ಲ, ಬಂಧುಗಳ ಮನೆಯಲ್ಲಲ್ಲ, ಬೌಲಿಂಗ್ ಆಡುವ ಜಾಗದಲ್ಲಿ! ಪಂಢರಿನಾಥರು ಒಮ್ಮೆ ಪುಣೆಗೆ ಹೋದಾಗ ಮಗ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಉದ್ದನೆಯ ಗಾಜಿನಂಥ ನೆಲ. ಆ ತುದಿಯಲ್ಲಿ ಬಾಟಲಿಯಂಥ ಹತ್ತು ಬೊಂಬೆ. ಈ ತುದಿಯಲ್ಲಿ ಓದಿದ, ಸಂಬಳ ತರುವ, ಬುದ್ಧಿ ನೆಟ್ಟಗಿರುವ ಜನ. ಅವರು ಯಾರದೋ ಬೂಟು ಬಾಡಿಗೆಗೆ ತೊಟ್ಟು, ಭಾರದ ಗುಂಡೊಂದನ್ನು ಉರುಳಿಸಿ, ಹತ್ತೂ ಬೊಂಬೆ ಒಮ್ಮೆಲೇ ಬಿದ್ದರೆ 'ಸ್ಟ್ರೈಕ್!' ಎಂದು ಕೂಗಿ ಕುಣಿಯುತ್ತಿದ್ದರು. ಪಂಢರಿನಾಥರಿಗೆ ಆಟ ಕಿಂಚಿತ್ತೂ ತಿಳಿಯಲಿಲ್ಲ. ಆದರೆ ಗೋಡೆಯ ಕಪಾಟಿನಲ್ಲಿ ಖಾಯಂ ಆಟಗಾರರ ಸ್ವಂತ ಗುಂಡುಗಳಿದ್ದವು, ಒಂದೊಂದರ ಮೇಲೂ ಮಾಲೀಕರ ಹೆಸರು ಕೆತ್ತಿತ್ತು. ಅದು ಮಾತ್ರ ಅವರಿಗೆ ಥಟ್ಟನೆ ತಿಳಿಯಿತು.

ಯಾಕೆಂದರೆ ಹೆಸರು ಕೆತ್ತಿಸುವುದರಲ್ಲಿ ಅವರನ್ನು ಮೀರಿಸುವವರು ಇಂಡಿಯಲ್ಲಿರಲಿಲ್ಲ. ಅವರ ಮನೆಯ ಕೊಡ, ಬೋಗುಣಿ, ತಾಟು, ಲೋಟ ಎಲ್ಲದರ ಮೇಲೂ 'ಪಂಢರಿನಾಥ ಹೊರ್ತಿಕರ' ಎಂದು ಕೆತ್ತಿತ್ತು. ಚಮಚದ ಹಿಡಿಕೆಯಲ್ಲಿ ಜಾಗ ಸಾಲದೆ 'ಪಂ. ಹೊ.' ಎಂದಿತ್ತು. ಬಚ್ಚಲಿನ ತಂಬಿಗೆಗೂ ಆ ಗೌರವ ಸಂದಿತ್ತು. ರಂಗೂಬಾಯಿ ದಿನಾ ಈ ಹೆಸರನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದರು, ತುಸು ಒತ್ತಿಯೇ ತಿಕ್ಕುತ್ತಿದ್ದರು.

"ಇಬ್ಬರಿಗೂ ಒಂದೊಂದು ಗುಂಡು ತರಸ್ತೇನಿ. ಮ್ಯಾಲೆ ಹೆಸರು ಕೆತ್ತಸ್ತೇನಿ!" ಎಂದರು ಪಂಢರಿನಾಥರು.

"ಹಿತ್ತಲದಾಗ ರುಬ್ಬುಗುಂಡು ಬಿದ್ದದ. ಅದರ ಮ್ಯಾಲೆ ಕೆತ್ತಸ್ರಿ."

"ನಿನಗ ತಿಳಿಯೋ ವಿಷಯ ಅಲ್ಲ ಇದು. ಒಂದರ ಮ್ಯಾಲೆ ಪಾರ್ಥ, ಇನ್ನೊಂದರ ಮ್ಯಾಲೆ ಸುಭದ್ರಾ."

ರಂಗೂಬಾಯಿಯ ಕೈ ಸೊಪ್ಪಿನಲ್ಲೇ ನಿಂತಿತು. "ಸುಭದ್ರಾ ಯಾರು?"

"ನಿನ್ನ ಸೊಸಿ!"

ಹೊರ್ತಿಕರರ ಮನೆತನದಲ್ಲಿ ಸೊಸೆ ಹೊಸ್ತಿಲು ದಾಟುವ ಮೊದಲು ಹೆಸರು ಬದಲಾಗಬೇಕು. ತಾಟಿನಲ್ಲಿ ಅಕ್ಕಿ ಹರಡಿ, ವರ ಬಂಗಾರದ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರು ಮುಗಿಯಿತು, ಅದಕ್ಕೆ ಅಳುವವರೂ ಇಲ್ಲ. ರಂಗೂಬಾಯಿಗೂ ತವರಿನಲ್ಲಿ ಬೇರೊಂದು ಹೆಸರಿತ್ತು. ಪಂಢರಿನಾಥನಿಗೆ ರಂಗೂಬಾಯಿಯೇ ಒಪ್ಪುತ್ತದೆ ಎಂದು ಅತ್ತೆ ನಿರ್ಧರಿಸಿದ್ದರು, ಆಗಿಹೋಯಿತು.

"ಪಾರ್ಥಗ ಹೊಂದಬೇಕಂದ್ರ ದ್ರೌಪದಿ ಅಂತ ಯಾಕ ಇಡಬಾರದು?" ರಂಗೂಬಾಯಿ ಒಣದನಿಯಲ್ಲಿ ಕೇಳಿದರು.

"ಅದರಾಗ ಹಿಸ್ಸೇದಾರರು ಭಾಳ!" ಜನ್ಮವೆಲ್ಲ ಜಮೀನಿನ ಹಿಸ್ಸೆಗಳಲ್ಲಿ ಕಳೆದವರು ತಮ್ಮ ಮಾತಿಗೆ ತಾವೇ ನಕ್ಕರು.

"ಆ ಹುಡುಗೀನ್ನ ಒಂದ ಮಾತು ಕೇಳೀರೇನು?"

"ಕೇಳೋದೇನದ ಅದರಾಗ? ನಿನ್ನ ಕೇಳಿದ್ವೇನು?"

"ಇಲ್ಲ," ಎಂದರು ರಂಗೂಬಾಯಿ. ಆ 'ಇಲ್ಲ'ದಲ್ಲಿ ನಲವತ್ತು ವರ್ಷದ ಸಂಸಾರವಿತ್ತು. ಪಂಢರಿನಾಥರಿಗೆ ಕೇಳಿಸಿದ್ದು ಎರಡಕ್ಷರ.

ಪುಣೆಯಿಂದ ಗುಂಡುಗಳು ಬಂದವು. ಕೊರಿಯರಿನ ಪರಸಪ್ಪ ಎರಡು ಪೆಟ್ಟಿಗೆಗಳನ್ನು ಕಟ್ಟೆಯ ಮೇಲಿಟ್ಟು ಸೊಂಟ ಹಿಡಿದುಕೊಂಡ.

"ಪಂಢರಿನಾಥ ಅಂದ್ರ ನೀವೇನ್ರಿ?"

"ಪಂಢರಿನಾಥ ಕೃಷ್ಣಾಜಿ ಹೊರ್ತಿಕರ, ನಿವೃತ್ತ ಉಪತಹಶೀಲ್ದಾರ! ಈ ಮನಿ ಮಾಲೀಕ, ಪಾರ್ಥನ ತಂದಿ, ವರನ ಕಡೆಯ ಹಿರ್ಯಾ!"

"ನಾ ಒಂದs ಹೆಸರು ಕೇಳಿದ್ನಿರಿ," ಎಂದು ಪರಸಪ್ಪ ಸಹಿ ಹಾಕಿಸಿಕೊಂಡು ಹೋದ.

ಬಜಾರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮಗ್ಗುಲಿಗೆ ನಾಜಿಮಾಳ ಪುಟ್ಟ ಅಂಗಡಿ. ವಿದ್ಯುತ್ ಪೆನ್ನು ಹಿಡಿದು ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವಳ ಕಸುಬು. ಊರಿನ ಅರ್ಧ ಮದುವೆಗಳ ಪ್ರೀತಿ ಅವಳ ಪೆನ್ನಿನಿಂದಲೇ ಹೊರಟಿತ್ತು. ಅವಳು ಗುಂಡನ್ನು ತಿರುಗಿಸಿ ನೋಡಿ ನಾಲಿಗೆ ಲೊಚಗುಟ್ಟಿದಳು.

"ಕಾಕಾ, ನಿಮಗ ಯಾರೋ ಟೋಪಿ ಹಾಕ್ಯಾರ. ಮೂರು ತೂತು ಬಿದ್ದೈತಿ ಇದಕ್ಕ. ವಾಪಸ್ ಕೊಟ್ಟು ಬರ್ರಿ!"

"ಅವು ಬೆರಳು ಇಡೋ ತೂತು!"

"ಬೆರಳಿಟ್ಟು ಏನ್ ಮಾಡ್ತಾರ್ರಿ?"

"ಉರುಳಸ್ತಾರ."

"ಉರುಳಸಾಕ ತೂತು ಯಾಕರಿ, ಕೈ ಬಿಟ್ರ ಸಾಕಲ್ಲ?"

ಪಂಢರಿನಾಥರು ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಮಟ್ಟದಲ್ಲಿರಲಿಲ್ಲ. ಒಕ್ಕಣೆ ಹೇಳಿದರು. ಮಗನ ಗುಂಡಿಗೆ 'ಚಿ. ಪಾರ್ಥ' ಅಂದರೆ ಸಾಕು. ಸೊಸೆಯ ಗುಂಡಿಗೆ ಮೇಲೆ 'ಚಿ. ಸೌ. ಕಾಂ. ಸುಭದ್ರಾ'. ಕೆಳಗೆ 'ಶ್ರೀ ಪಂಢರಿನಾಥ ಹೊರ್ತಿಕರ, ನಿವೃತ್ತ ಉಪತಹಶೀಲ್ದಾರರು, ಇಂಡಿ, ಇವರ ಶುಭಾಶೀರ್ವಾದಗಳೊಂದಿಗೆ'. ಈ ಎರಡನೆಯ ಸಾಲು ಗುಂಡಿನ ಸುತ್ತ ಪ್ರದಕ್ಷಿಣೆ ಹೊರಟು, ಆಶೀರ್ವಾದದ ನಟ್ಟನಡುವೆ ಹೆಬ್ಬೆರಳಿನ ತೂತಿಗೆ ಬಂದು ಬಿತ್ತು.

ಮನೆಗೆ ತಂದು ತೋರಿಸಿದಾಗ ರಂಗೂಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿ ಪೂರ್ತಿ ಓದಿದರು. "ಅಕಿ ಹೆಸರು ಒಂದ ಬಟ್ಟು, ನಿಮ್ಮ ಹೆಸರು ಒಂದ ಗೇಣು. ಗುಂಡು ಯಾರಿಗೆ ಕೊಡಾಕತ್ತೀರಿ?"

"ಕೊಟ್ಟವರು ಯಾರು ಅಂತ ಗೊತ್ತಾಗಬ್ಯಾಡೇನು?"

"ಅದೊಂದು ಯಾವಾಗ್ಲೂ ಗೊತ್ತಾಗ್ತದ ಬಿಡ್ರಿ."

ಮಗನ ಗುಂಡು ಮನೆಯಲ್ಲೇ ಉಳಿಯಿತು. ಸುಭದ್ರೆ ಮಾತ್ರ ರಹಸ್ಯವಾಗಿ ಮದುವೆಗೆ ಹೊರಟಳು. ಅಕ್ಕಿಯಲ್ಲಿ ಹೆಸರು ಬರೆದ ಕ್ಷಣಕ್ಕೆ ಸರಿಯಾಗಿ ಗುಂಡನ್ನು ಎತ್ತಿ ತೋರಿಸಿ ಸಭೆಯನ್ನು ದಂಗುಬಡಿಸುವುದು ಪಂಢರಿನಾಥರ ಸಂಚು. ಬಟ್ಟೆಯ ಚೀಲದಲ್ಲಿಟ್ಟು ದಿಬ್ಬಣದ ಟೆಂಪೋದ ಹಿಂದಿನ ಸೀಟಿನ ಬುಡಕ್ಕೆ ತಳ್ಳಿದರು, ಯಾರಿಗೂ ಹೇಳಲಿಲ್ಲ.

ಸಿಂದಗಿ ದಾಟುತ್ತಲೇ ರಸ್ತೆಯ ಉಬ್ಬುಗಳು ಶುರುವಾದವು. ಗುಂಡು ಚೀಲದಿಂದ ಹೊರಬಿತ್ತು. ಗಾಡಿ ಏರಿದರೆ ಹಿಂದಕ್ಕೆ, ಇಳಿದರೆ ಮುಂದಕ್ಕೆ, ಬ್ರೇಕು ಹಾಕಿದರೆ ಢಣ್ಣೆಂದು ಡ್ರೈವರಿನ ಸೀಟಿಗೆ! ಶೇಂಗಾ ಉಂಡೆಯ ಡಬ್ಬಿ ನುಗ್ಗಾಯಿತು. ರಂಗೂಬಾಯಿಯ ತಮ್ಮ ಧೀರೇಂದ್ರ ಚಪ್ಪಲಿ ಕಳಚಿ ನಿದ್ದೆ ಹೊಡೆಯುತ್ತಿದ್ದವನು ಕಾಲ್ಬೆರಳು ಹಿಡಿದು ಕೂಗಿದ, "ಅಕ್ಕಾ, ಏನೋ ಬಡೀತು!" ಅವನು ಕಣ್ಣು ತೆರೆದು ನೋಡುವಷ್ಟರಲ್ಲಿ ಬಡಿದದ್ದು ಮುಂದಿನ ಊರಿಗೆ ಹೋಗಿಯಾಗಿತ್ತು.

ಡ್ರೈವರ್ ಸೋಮನಿಂಗ ಗಾಡಿ ನಿಲ್ಲಿಸಿದ. "ಬುಡಕ ಏನೋ ಕಡದೈತ್ರಿ. ಎಲ್ಲಾರೂ ಇಳೀರಿ, ನೋಡ್ತೇನಿ."

ಎಲ್ಲರೂ ಇಳಿದರು. ರೇಷ್ಮೆ ಸೀರೆಯವರು ಬಿಸಿಲಲ್ಲಿ ನಿಂತರು. ಸೋಮನಿಂಗ ಗಾಡಿಯ ಕೆಳಗೆ ಮಲಗಿ ನಟ್ಟು ಬೋಲ್ಟು ಬಡಿದು ನೋಡಿದ. ಇಷ್ಟಕ್ಕೆಲ್ಲ ಕಾರಣ ಗೊತ್ತಿದ್ದ ಏಕೈಕ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು, "ಈಗಿನ ಗಾಡಿನೇ ಇಷ್ಟು!" ಎಂದು ಟೀಕೆ ಮಾಡುತ್ತ ನಿಂತಿದ್ದರು. ಎಲ್ಲರೂ ಮತ್ತೆ ಹತ್ತುವ ಗಡಿಬಿಡಿಯಲ್ಲಿ ಪಂಢರಿನಾಥರು ಗುಂಡನ್ನು ಹಿಡಿದು ಧೋತರದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡು ಕುಳಿತರು. ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ಎರಡೂ ತೊಡೆ ಜೋಮು ಹಿಡಿದಿದ್ದವು.

ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬಿತ್ತು, ಊಟವೂ ಆಯಿತು. ಹೆಸರಿಡುವ ಶಾಸ್ತ್ರಕ್ಕೆ ಮನೆ ಮುಟ್ಟುವ ತನಕ ಯಾಕೆ ಕಾಯಬೇಕು, ಇಷ್ಟು ಜನ ಆಮೇಲೆ ಸಿಗುತ್ತಾರೆಯೇ ಎಂದು ಪಂಢರಿನಾಥರು ಅಲ್ಲೇ ವೇದಿಕೆಯ ಮೇಲೆ ತಾಟು ಇಡಿಸಿದರು. ಅಕ್ಕಿ ಹರಡಿತು. ಉಂಗುರ ಬಂತು. ಅವರು ಬಗ್ಗಿ ಮಗನ ಕಿವಿಯಲ್ಲಿ "ಸುಭದ್ರಾ" ಎಂದರು. ಪಾರ್ಥ ತಲೆಯಾಡಿಸಿದ.

ಪಾರ್ಥ ಬರೆದ: ಪ್ರಜ್ಞಾ.

ಪಂಢರಿನಾಥರು ಕಣ್ಣುಜ್ಜಿಕೊಂಡರು. "ತಪ್ಪ ಬರದಿ," ಎಂದು ತಾವೇ ಕೈಯಾಡಿಸಿ ಅಕ್ಕಿ ಸಪಾಟು ಮಾಡಿದರು. ಪಾರ್ಥ ಮತ್ತೆ ಬರೆದ, ಈ ಸಲ ಇನ್ನೂ ಆಳವಾಗಿ: ಪ್ರಜ್ಞಾ.

"ಕಿವಿ ಕೇಳಸ್ಲಿಲ್ಲೇನೋ? ಸುಭದ್ರಾ ಅಂದೆ!"

"ಕೇಳಿಸ್ತು ಅಪ್ಪಾ. ಇವಳ ಹೆಸರು ಅದಲ್ಲ."

"ಇವತ್ತಿನಿಂದ ಅದs!"

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಪ್ರಜ್ಞಾ ತಲೆ ಎತ್ತಿದಳು. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಮಾಮಾ, ಈ ಹೆಸರು ನಮ್ಮ ಅಜ್ಜ ಇಟ್ಟಿದ್ದು. ನಾ ನಿಮ್ಮ ಮನಿಗೆ ಬರ್ತೇನಿ. ಅದನ್ನ ಬಿಟ್ಟು ಯಾಕ ಬರಬೇಕು?"

ಸಭೆಯಲ್ಲಿ ಗುಸುಗುಸು ಎದ್ದಿತು. ಕಚೇರಿಯಲ್ಲಿ ಒಂದು ಗೀಟು ಎಳೆದು ಎಂಥೆಂಥ ಅರ್ಜಿ ವಜಾ ಮಾಡಿದವರಿಗೆ ಈ ಒಂದು ಪ್ರಶ್ನೆ ವಜಾ ಮಾಡಲು ಆಗಲಿಲ್ಲ. "ಆಗಂಗಿಲ್ಲ!" ಎಂದು ಗುಡುಗಿದರು. "ಹೆಸರು ಕೆತ್ತಿಸಿ ಆಗೇದ! ಇಲ್ಲಿ ನೋಡ್ರಿ!"

ಕುರ್ಚಿಯ ಕೆಳಗಿನ ಚೀಲಕ್ಕೆ ಕೈಹಾಕಿ ಗುಂಡನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆತ್ತಿದರು. ಎತ್ತುವ ಭರದಲ್ಲಿ ಒಂದು ಮಾತು ಮರೆತರು: ಬೆರಳನ್ನು ತೂತಿನಲ್ಲಿಡಬೇಕಾಗಿತ್ತು. ತುಪ್ಪದ ಹೋಳಿಗೆ ಉಂಡ ಕೈ. ಗುಂಡು ಜಾರಿತು!

ಧಡ್ ಎಂದು ವೇದಿಕೆಗೆ ಬಿತ್ತು. ಪುರೋಹಿತರು ಪಂಚೆ ಎತ್ತಿ ಹಾರಿದರು. ಅಡುಗೆಯವರು ಪಾತ್ರೆ ಏರಿಸಲು ಇಟ್ಟಿದ್ದ ಹಲಗೆಯ ಇಳಿಜಾರು ಹಿಡಿದು ಸುಭದ್ರೆ ಕೆಳಗಿಳಿದಳು. ಅಲ್ಲಿ ನೆಲದ ಮೇಲೆ ಹೆಣ್ಣಿನ ಕಡೆಯವರು ಬೀಗರಿಗೆಂದು ಜೋಡಿಸಿಟ್ಟ ತಿಂಡಿ-ಪಾತ್ರೆಗಳ ರುಖವತ ಅಲಂಕಾರವಾಗಿ ನಿಂತಿತ್ತು. ಬುಂದಿ ಲಾಡುವಿನ ಗೋಪುರಗಳು, ಸಕ್ಕರೆಯ ತುಳಸಿಕಟ್ಟೆ, ಒಂದರ ಮೇಲೊಂದು ಪೇರಿಸಿದ ಹಿತ್ತಾಳೆಯ ಕೊಡಗಳು. ಬೀಗಿತಿಯರು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ. ಗುಂಡು ನಟ್ಟನಡುವೆ ಹೊಕ್ಕಿತು. ಒಂದೂ ನಿಲ್ಲಲಿಲ್ಲ! ಕೊಡಗಳು ಉರುಳಿದವು, ಲಾಡುಗಳು ಸಭೆಯ ತುದಿಗೆ ಓಡಿದವು, ತುಳಸಿಕಟ್ಟೆ ಪುಡಿಸಕ್ಕರೆಯಾಯಿತು.

ಕೊಡಗಳ ಸದ್ದು ಅಡಗುವ ಮೊದಲೇ ಒಂದು ದನಿ ಕೇಳಿತು.

"ಸ್ಟ್ರೈಕ್!"

ವಧು! ಅಭ್ಯಾಸಬಲ. ಕೂಡಲೇ ಬಾಯಿ ಮುಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಪಾರ್ಥ ನಕ್ಕ, ಬೀಗರು ನಕ್ಕರು, ರುಖವತ ಕಳೆದುಕೊಂಡ ಬೀಗಿತಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಕಾಲ್ಬೆರಳು ಊದಿದ ಧೀರೇಂದ್ರ ಎದ್ದು ನಿಂತು ಗುಂಡಿನ ಕಡೆ ಬೆರಳು ತೋರಿಸಿದ, "ಗಾಡ್ಯಾಗ ಬಡದದ್ದು ಇದs!" ನಗದೆ ಉಳಿದವರು ಪಂಢರಿನಾಥರೊಬ್ಬರೇ. ಅಧಿಕಾರದಲ್ಲಿದ್ದಾಗ ಅವರನ್ನು ನೋಡಿ ಹೀಗೆ ಯಾರೂ ನಕ್ಕಿರಲಿಲ್ಲ, ಕನಿಷ್ಠ ಎದುರಿಗೆ.

ಪ್ರಜ್ಞಾ ಇಳಿದು ಹೋಗಿ ಗುಂಡಿನ ತೂತಿಗೆ ಸರಿಯಾಗಿ ಮೂರು ಬೆರಳಿಟ್ಟು ಸಲೀಸಾಗಿ ಎತ್ತಿ ತಂದಳು. ಸೆರಗಿನಿಂದ ಸಕ್ಕರೆ ಒರೆಸಿ ಮಾವನ ಕೈಗೆ ಕೊಟ್ಟಳು. "ಗುಂಡು ಛಲೋ ಅದ ಮಾಮಾ. ತೂಕಾನೂ ನನಗ ಹೊಂದ್ತದ. ಹೆಸರೊಂದು ನಂದಲ್ಲ."

ಸಂಜೆ ಹೊರಡುವ ಮುಂಚೆ ಪಂಢರಿನಾಥರು ದೂರದಿಂದ ಒಂದು ದೃಶ್ಯ ಕಂಡರು. ಸೊಸೆ ಅತ್ತೆಯ ಪಕ್ಕ ಕುಳಿತು ಬಗ್ಗಿ ಏನೋ ಕೇಳಿದಳು. ರಂಗೂಬಾಯಿ ಬೆಚ್ಚಿದವರಂತೆ ಅವಳ ಮುಖ ನೋಡಿದರು. ಆಮೇಲೆ ಕಿವಿಯಲ್ಲಿ ಏನೋ ಹೇಳಿ, ಹೇಳಿದ್ದಕ್ಕೆ ತಾವೇ ನಾಚಿದರು. 'ಅಡುಗೆಯ ಮಾತಿರಬೇಕು,' ಎಂದುಕೊಂಡರು ಪಂಢರಿನಾಥರು. ಹೆಂಗಸರಿಗೆ ಬೇರೆ ಮಾತೇನಿರುತ್ತದೆ!

ಮಗ ಸೊಸೆ ಇಂಡಿಯ ಮನೆಗೆ ಬಂದು, 'ಚಿ. ಪಾರ್ಥ' ಗುಂಡೊಂದನ್ನೇ ಹೊತ್ತು ಪುಣೆಗೆ ಹೋದರು. ಸುಭದ್ರೆ ಇಂಡಿಯಲ್ಲೇ ಉಳಿದಳು. ಗಾಳಿಗೆ ಪಡಸಾಲೆಯ ಬಾಗಿಲು ಬಡಿಯದಂತೆ ರಂಗೂಬಾಯಿ ಅವಳನ್ನು ಅಡ್ಡ ಇಟ್ಟರು. ಬಂದವರೆಲ್ಲ ಓದುವರು, ಕೇಳುವರು, ನಗು ನುಂಗುವರು. ಪಂಢರಿನಾಥರು ಸಂಜೆ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟರು.

"ಈ ಹಾಳ ಹೆಸರು ಅಳಿಸಿ ಬ್ಯಾರೆ ಏನರೆ ಕೆತ್ತಿಸಿ ಬಿಡ್ತೇನಿ," ಎಂದರು ಒಂದು ದಿನ ಮಧ್ಯಾಹ್ನ.

ರಂಗೂಬಾಯಿ ಹಪ್ಪಳದ ಹಿಟ್ಟು ನಾದುತ್ತಿದ್ದರು. ತಲೆ ಎತ್ತದೆ ಹೇಳಿದರು, "ನನ್ನ ಹೆಸರು ಕೆತ್ತಸ್ರಿ."

"ನಿನ್ನದಾ?" ಪಂಢರಿನಾಥರಿಗೆ ತಮಾಷೆ ಎನಿಸಿತು. "ನೀ ಗುಂಡು ಉರುಳಸ್ತೀಯೇನು?"

"ಉರುಳಸ್ತೇನಿ, ಬಿಡ್ತೇನಿ. ಈ ಮನ್ಯಾಗ ಒಂದು ಚಮಚಾದ ಮ್ಯಾಲೂ ನನ್ನ ಹೆಸರಿಲ್ಲ. ಒಂದರ ಮ್ಯಾಲೆ ಇರ್ಲಿ."

"ಆತು ಬಿಡು. ರಂಗೂಬಾಯಿ ಪಂಢರಿನಾಥ..."

"ಅದು ನಿಮ್ಮ ತಾಯಿ ಇಟ್ಟ ಹೆಸರು." ಹಿಟ್ಟಿನ ಮುದ್ದೆಯನ್ನು ಎತ್ತಿ ಒಗೆದರು. "ನಾ ಅಂದದ್ದು ನನ್ನ ಹೆಸರು."

"ಗೊತ್ತಾತು, ಗೊತ್ತಾತು!" ಎಂದು ಪಂಢರಿನಾಥರು ಗುಂಡು ಎತ್ತಿಕೊಂಡು ಠೀವಿಯಿಂದ ಬಜಾರಕ್ಕೆ ನಡೆದರು.

ನಾಜಿಮಾ ಅರ ಹಿಡಿದು ತಿಕ್ಕಿ ತಿಕ್ಕಿ 'ಸುಭದ್ರಾ' ಅಳಿಸಿದಳು. ಪೆನ್ನು ಕೈಗೆತ್ತಿಕೊಂಡಳು. "ಹೇಳ್ರಿ ಕಾಕಾ, ಏನ್ ಬರೀಲಿ?"

"ನಿಮ್ಮ ಕಾಕೂ ಹೆಸರು."

"ಹೇಳ್ರಲ್ಲ."

ಪಂಢರಿನಾಥರು ಬಾಯಿ ತೆರೆದರು. ಬಾಯಿ ತೆರೆದೇ ಉಳಿಯಿತು. ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು, ಖಂಡಿತ ಓದಿದ್ದರು. ಎರಡಕ್ಷರವೋ? ಮೂರೋ? 'ಸು'ವಿನಿಂದಲೋ, 'ವಿ'ಯಿಂದಲೋ? ನಲವತ್ತು ವರ್ಷದ ಹಿಂದಿನ ಅಕ್ಕಿಯ ತಾಟಿನಲ್ಲಿ ತಾವು ಬರೆದ 'ರಂಗೂಬಾಯಿ' ಅಚ್ಚುಕಟ್ಟಾಗಿ ಕಣ್ಣಮುಂದೆ ಬಂತು. ಅದರ ಕೆಳಗೆ ಏನಿತ್ತು? ಬರೀ ಅಕ್ಕಿ.

"ಫೋನು ಬಂತು," ಎಂದು ಸುಳ್ಳು ಹೇಳಿ ರಸ್ತೆಗಿಳಿದು ಧೀರೇಂದ್ರನಿಗೆ ಫೋನು ಹಚ್ಚಿದರು. "ನಿಮ್ಮ ಅಕ್ಕನ ತವರಮನಿ ಹೆಸರು ಏನಪಾ?"

"ಬೇಬಕ್ಕ ಅಂತಿದ್ರಂತ ಭಾವ."

"ಅದು ಕರಿಯೋ ಹೆಸರು. ಖರೇ ಹೆಸರು?"

"ಲಗ್ನ ಆದಾಗ ನಾ ಇನ್ನೂ ತೊಡಿ ಮ್ಯಾಲಿನ ಕೂಸು ಭಾವ. ಆಮ್ಯಾಲೆ ನಮ್ಮ ಮನ್ಯಾಗೂ ಎಲ್ಲಾರೂ ರಂಗೂಬಾಯಿನ ಅಂದ್ರು. ನೀವು ಅಕ್ಕನ್ನ ಕೇಳಬಾರದೇನು?"

ಕೇಳಬಹುದಿತ್ತು. ಆದರೆ ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ! ನಾಚಿಕೆ ಆಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಗುಂಡನ್ನು ಹಾಗೇ ಹೊತ್ತು ಮನೆಗೆ ಬಂದು, "ನಾಜಿಮಾನ ಪೆನ್ನು ಕೆಟ್ಟದ," ಎಂದರು.

ರಂಗೂಬಾಯಿ ಚಾಳೀಸು ಏರಿಸಿದರು. ಮೇಲಿನ ಸಾಲು ಬರಿದಾಗಿತ್ತು. ಕೆಳಗೆ ಶ್ರೀ ಪಂಢರಿನಾಥ ಹೊರ್ತಿಕರರು ಶುಭಾಶೀರ್ವಾದಗಳೊಂದಿಗೆ ಹಾಗೇ ಇದ್ದರು. "ನಿಮ್ಮದೊಂದು ಛಂದ ಉಳದದ," ಎಂದು ಗುಂಡನ್ನು ಬಾಗಿಲಿಗೆ ಕೊಟ್ಟು ಒಳಗೆ ಹೋದರು. ಪೆನ್ನು ಯಾವಾಗ ದುರಸ್ತಿಯಾಗುತ್ತದೆ ಎಂದು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ.

ಆ ವಾರವೇ ಪರಸಪ್ಪ ಬಂದ. ಮೊದಲಿನಂಥದೇ ಪೆಟ್ಟಿಗೆ, ಮೊದಲಿನಂತೆಯೇ ಸೊಂಟ ಹಿಡಿದುಕೊಂಡ.

"ಗೌತಮಿ ಅನ್ನಾವರದು ಪಾರ್ಸಲ್ ಐತ್ರಿ."

"ಯಾವ ಗೌತಮಿ? ಮನಿ ತಪ್ಪಿ ಬಂದೀದಿ."

"ಅಡ್ರೆಸ್ ನಿಮ್ಮದs ಐತ್ರಿ ಸಾಹೇಬ್ರ. ಪುಣೆಯಿಂದ ಪ್ರಜ್ಞಾ ಅನ್ನಾವರು ಕಳಿಸ್ಯಾರ."

"ಸೊಸಿ ಏನೋ ತಪ್ಪ ಬರದಿರಬೇಕು. ಹೆಸರಿನ ವಿಷಯದಾಗ ಅಕಿದು ಮೊದಲಿಂದ ತಕರಾರು!" ಹಲವು ದಿನಗಳ ಮೇಲೆ ಪಂಢರಿನಾಥರಿಗೆ ಅಧಿಕಾರ ಚಲಾಯಿಸುವ ಅವಕಾಶ ಸಿಕ್ಕಿತ್ತು. ಎದ್ದು ನಿಂತು ಕಚೇರಿಯ ದನಿ ತೆಗೆದರು. "ಈ ಮನ್ಯಾಗ ಇರೋರು ಇಬ್ಬರು. ನಾನು, ರಂಗೂಬಾಯಿ. ನಲವತ್ತು ವರ್ಷ ಆತು, ಗೌತಮಿ ಅನ್ನೋ ಹೆಸರು ನಾ ಕೇಳೇ ಇಲ್ಲ. ಬರಕೋ! ಸದರಿ ವ್ಯಕ್ತಿ ಸದರಿ ಮನ್ಯಾಗ ವಾಸ ಇಲ್ಲ. ವಾಪಸ್ ಒಯ್ಯಿ!"

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

ರಂಗೂಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಂಡನ ಕಡೆ ನೋಡಲಿಲ್ಲ.

"ವಾಪಸ್ ಒಯ್ಯಬ್ಯಾಡಪಾ. ಗೌತಮಿ ಅಂದ್ರ ನಾನು."

ಪರಸಪ್ಪ ಅವರನ್ನು ನೋಡಿದ, ಇವರನ್ನು ನೋಡಿದ. ಮೊಬೈಲಿನ ಗಾಜು ಮುಂದೆ ಹಿಡಿದ. ಹಿಟ್ಟು ಮೆತ್ತಿದ ಬೆರಳಿನಿಂದ ಅವರು ಸಹಿ ಮಾಡಿದರು. ಹರಡಿದ ಅಕ್ಕಿಯ ಮೇಲೆ ಬರೆದಂತೆ ನಿಧಾನವಾಗಿ ಬರೆದರು, ಒಂದಕ್ಷರವೂ ತಡವರಿಸಲಿಲ್ಲ.

ಪರಸಪ್ಪನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಪಂಢರಿನಾಥರತ್ತ ಗದ್ದ ತೋರಿಸಿ ಕೇಳಿದ, "ಹಂಗಾರ ಬಾಯಾರ, ಇವರು ನಿಮಗ ಏನಾಗಬೇಕ್ರಿ?"

ಪಂಢರಿನಾಥ ಕೃಷ್ಣಾಜಿ ಹೊರ್ತಿಕರರ ಬಾಯಿಂದ ಆ ಹೊತ್ತಿಗೆ ತಮ್ಮ ಹೆಸರೂ ಹೊರಡಲಿಲ್ಲ.

"ಅವರಾ?" ಎಂದರು ಗೌತಮಿ. "ಅವರೂ ಇದs ಮನ್ಯಾಗ ವಾಸ ಇರ್ತಾರ." ಆಮೇಲೆ ಗಂಡನ ಕಡೆ ತಿರುಗಿದರು. "ನಿಂತೀರೇನು? ಪೆಟ್ಟಿಗಿ ಒಳಗ ತರ್ರಿ. ಭಾರ ಅದ."